ನಕ್ಷೆಯಲ್ಲಿಲ್ಲದ ಬೇಳೆ

ಫೆಬ್ರವರಿ 3

ಅಪ್ಪನಿಗೆ,

ಇದನ್ನು ಅಮ್ಮನ ಕೈಲಿ ಓದಿಸಿಕೊಳ್ಳಬೇಡಿ, ನೀವೇ ಕನ್ನಡಕ ಹಾಕಿಕೊಂಡು ಓದಿ. ಫೋನಿನಲ್ಲಿ ಕೂಗಿ ಕೂಗಿ ನನ್ನ ಗಂಟಲು ಹರಿಯುತ್ತದೆಯೇ ಹೊರತು ನಿಮ್ಮ ಕಿವಿಗೆ "ಊಟ ಆಯ್ತಾ" ಅನ್ನುವುದಕ್ಕಿಂತ ಹೆಚ್ಚೇನೂ ಬೀಳುವುದಿಲ್ಲ. ನಲವತ್ತು ವರ್ಷ ಲೌಡ್‌ಸ್ಪೀಕರ್ ಹಾರ್ನ್‌ಗಳ ಬಾಯಿಗೆ ಕಿವಿ ಕೊಟ್ಟು ಕೆಲಸ ಮಾಡಿದವರ ಜೊತೆ ಇನ್ನು ಕಾಗದವೇ ಗತಿ.

ಜಗಳವಾಡಿಕೊಂಡು ಬಂದು ಐದು ತಿಂಗಳಾಯಿತು. ಆ ಮಾತು ಎತ್ತುವುದಿಲ್ಲ. ನಮ್ಮ ಅಂಗಡಿಯಲ್ಲಿ ನಾನು ಕಟ್ಟಿದ ಆಂಪ್ಲಿಫೈಯರ್ ಬೋರ್ಡಿಗೆ ನೀವು ಹನ್ನೊಂದು ಸಲ ಕೆಂಪು ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ವಾಪಸ್ ಕೊಟ್ಟಿರಿ. ಹನ್ನೆರಡನೆಯ ಸಲ ಅದನ್ನು ಬೆಂಚಿನ ಮೇಲೇ ಬಿಟ್ಟು, ಚೀಲ ಹೆಗಲಿಗೇರಿಸಿಕೊಂಡು ಹೊರಟೆ. ಎತ್ತುವುದಿಲ್ಲ ಎಂದವಳು ಎತ್ತಿಯೇ ಬಿಟ್ಟೆ, ನೋಡಿ.

ಇಲ್ಲಿಯ ಕೆಲಸ ಹೇಳುತ್ತೇನೆ. ಇದು ಕಲ್ಲಿನ ಕ್ವಾರಿ. ದಿನಕ್ಕೆರಡು ಸಲ ಸಿಡಿಮದ್ದು ಇಟ್ಟು ಬಂಡೆ ಒಡೆಯುತ್ತಾರೆ. ಅದಕ್ಕೆ ಮುಂಚೆ ಮೈಕಿನಲ್ಲಿ ಮೂರು ಸಲ ಎಚ್ಚರಿಕೆ ಕೂಗಬೇಕು, ಎಲ್ಲರೂ ಮರೆಗೆ ಹೋಗಿ ಎಂದು. ಕೂಗುವವಳು ನಾನು. ಮೈಕು, ಆಂಪ್ಲಿಫೈಯರ್, ಹಾರ್ನು, ತಂತಿ ಎಲ್ಲದರ ಜವಾಬ್ದಾರಿಯೂ ನನ್ನದೇ. ಮೇಲಿನ ದಂಡೆಗೆ ಒಂದು ಆಂಪ್ಲಿಫೈಯರ್, ಕೆಳಗಿನ ಗುಂಡಿಗೆ ಇನ್ನೊಂದು. ಗುಂಡಿಯದು ಮುದಿಯಾಗಿ ಗೊರಗೊರ ಎನ್ನುತ್ತಿತ್ತು. "ಏನಕ್ಕಾ, ನೀನು ಎಚ್ಚರಿಕೆ ಕೊಡ್ತೀಯೋ ಬಾಯಿ ಮುಕ್ಕಳಿಸ್ತೀಯೋ?" ಎಂದು ಸೀಟಿ ಕೇಳುತ್ತಿದ್ದ. ಸೀಟಿ ಅಂದರೆ ಬಂಡೆಗೆ ತೂತು ಕೊರೆಯುವವನು. ಮುಂದಿನ ಹಲ್ಲು ಒಂದಿಲ್ಲ, ಆ ಸಂದಿಯಲ್ಲಿ ಸೀಟಿ ಹೊಡೆಯುತ್ತಾನೆ. ಬೆಳಿಗ್ಗೆ ಮೈಕ್ ಪರೀಕ್ಷೆಗೆ ಅವನನ್ನೇ ಕರೆಯುತ್ತೇನೆ. ಅಷ್ಟು ಚೊಕ್ಕ ಸ್ವರ ನನ್ನ ಹತ್ತಿರವಿರುವ ಯಾವ ಯಂತ್ರವೂ ಕೊಡುವುದಿಲ್ಲ.

ಹಾಗಾಗಿ ಗುಂಡಿಗೆ ಹೊಸದೊಂದು ನಾನೇ ಕಟ್ಟಿದೆ. ನಿಮ್ಮ ಸರ್ಕ್ಯೂಟ್ ನಕ್ಷೆಯಿಂದಲೇ, ಆದರೆ ಎರಡು ಕಡೆ ತಿದ್ದಿದ್ದೇನೆ. ನೀವು ವಾಪಸ್ ತಂತಿಯಲ್ಲಿ ಬಹಳ ಜಿಪುಣರು. (ಮ್ಯಾನೇಜರು ಅದನ್ನು ಫೀಡ್‌ಬ್ಯಾಕ್ ಎನ್ನುತ್ತಾರೆ. ನನ್ನ ಬಾಯಿಗೆ ನಮ್ಮ ಅಂಗಡಿಯ ಮಾತೇ ಬರುವುದು.) ಹೊರಗೆ ಹೋಗುವ ಸದ್ದಿನಲ್ಲಿ ಒಂದು ಚೂರನ್ನು ತಲೆಕೆಳಗು ಮಾಡಿ ಮತ್ತೆ ಒಳಗೆ ಕೊಟ್ಟರೆ ಆಂಪ್ಲಿಫೈಯರ್ ತನ್ನ ತಪ್ಪನ್ನು ತಾನೇ ಕಂಡು ತಿದ್ದಿಕೊಳ್ಳುತ್ತದೆ ಎಂದು ಕಲಿಸಿದವರು ನೀವು. ಚೂರೇ ಯಾಕೆ, ಧಾರಾಳವಾಗಿಯೇ ಕೊಡೋಣ ಎಂದು ನಾನು ನಿಮ್ಮ ಹತ್ತರಷ್ಟು ಕೊಟ್ಟೆ. ಅದರಿಂದ ಕುಗ್ಗಿದ ಸದ್ದನ್ನು ಎತ್ತಲು ಇನ್ನೊಂದು ಹಂತ ಸೇರಿಸಿದೆ. ಈಗ ಗೊರಗೊರ ಮೀಟರಿಗೂ ಸಿಗುವುದಿಲ್ಲ. ಕರೆಂಟ್ ಏರಲಿ ಇಳಿಯಲಿ, ದನಿ ಒಂದೇ. ಸೀಟಿ ತನ್ನ ಸೀಟಿ ತಾನೇ ಕೇಳಿ, "ಅಕ್ಕಾ, ಇದು ನನಗಿಂತ ಚೆನ್ನಾಗಿ ಹೊಡೀತದೆ" ಎಂದ.

ಸದ್ಯ ಇನ್ನೂರು ಅಡಿ ತಂತಿಯಲ್ಲಿ ಓಡುತ್ತಿದೆ. ಗುಂಡಿ ಆಳಕ್ಕೆ ಹೋಗುತ್ತಿದೆ, ಮುಂದಿನ ತಿಂಗಳು ಎರಡು ಸಾವಿರ ಅಡಿ ಎಳೆಯುತ್ತಾರೆ. ಯಾರೂ ಮಾತಾಡದಾಗಲೂ ಬಿಸಿ ಆರಲೆಂದು ಟ್ರಾನ್ಸಿಸ್ಟರ್ ಕೂರಿಸಿದ ಅಲ್ಯೂಮಿನಿಯಂ ರೆಕ್ಕೆ ಒಂಚೂರು ಬೆಚ್ಚಗಿರುತ್ತದೆ. ಇಲ್ಲಿಯ ಬಿಸಿಲೂ ಹಾಗೇ ಇದೆ.

ತಿದ್ದಿದ ನಕ್ಷೆ ಇದರ ಜೊತೆಗಿದೆ. ಕೆಂಪು ಪೆನ್ಸಿಲ್ ಹಿಡಿದು ನೋಡಿ. ಸುತ್ತು ಹಾಕಲು ಜಾಗ ಸಿಗದಿದ್ದರೆ "ಪರವಾಗಿಲ್ಲ" ಎಂದು ಒಂದು ಮಾತು ಬರೆಯಿರಿ. ಹೊಗಳಿಕೆ ಬೇಡ, ಅಷ್ಟು ಸಾಕು.

ನಿಮ್ಮ ಮಗಳು


ಮಾರ್ಚ್ 1

ಮಗಳೇ,

ನಿಮ್ಮಪ್ಪ ಬರೆದಿಲ್ಲ ಅಂತ ನಾನು ಬರೀತಾ ಇದೀನಿ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಹೊಂದಿಸಿಕೊಂಡು ಓದ್ಕೋ.

ನಿನ್ನ ಕಾಗದ ಬಂದ ದಿನ ನಿಂತ್ಕೊಂಡೇ ಓದಿದ್ರು. ಆಮೇಲೆ ಕೂತು ಇನ್ನೊಂದು ಸಲ ಓದಿದ್ರು. "ನನ್ನ ನಕ್ಷೇನೇ ತಿದ್ದೋಕೆ ಹೊರಟಿದಾಳೆ" ಅಂದ್ರು. ಕೋಪಾನಾ ಅಂದ್ರೆ ಪೂರ್ತಿ ಕೋಪಾನೂ ಅಲ್ಲ. ಮಧ್ಯಾಹ್ನ ಉಂಡ ಮೇಲೆ ಮಲಗಲಿಲ್ಲ, ಏನೋ ಗೀಚ್ತಾ ಕೂತಿದ್ರು. ಅದು ನಿನಗೋ, ಕರೆಂಟ್ ಆಫೀಸಿಗೆ ತಕರಾರೋ ನನಗೆ ಗೊತ್ತಿಲ್ಲ. ಕೇಳಿದ್ರೆ ಕಿವಿ ಕೇಳಿಸಲಿಲ್ಲ ಅಂತಾರೆ. ಬೇಕಾದಾಗ ಕೇಳಿಸುತ್ತೆ, ಬೇಡದಾಗ ಇಲ್ಲ.

ನೀನು ಬೇಜಾರು ಮಾಡ್ಕೋಬೇಡ. ಮೂವತ್ತು ವರ್ಷದಲ್ಲಿ ನನ್ನ ಅಡುಗೆಗೆ "ಉಪ್ಪು ಸರಿಯಾಗಿದೆ" ಅಂದಿದ್ದೇ ದೊಡ್ಡ ಬಿರುದು. ನೀನೇ ಇನ್ನೊಂದು ಕಾಗದ ಹಾಕು, ಸ್ವಲ್ಪ ತಗ್ಗಿ ಬರಿ. ತಗ್ಗಿದೋರು ಏನೂ ಕಳ್ಕೊಳ್ಳಲ್ಲ.

ಹೊತ್ತು ಹೊತ್ತಿಗೆ ಉಣ್ಣು.

ಅಮ್ಮ


ಮಾರ್ಚ್ 22

ಅಪ್ಪನಿಗೆ,

ಅಮ್ಮ ತಗ್ಗಿ ಬರೆಯಲು ಹೇಳಿದ್ದಾಳೆ. ಎಷ್ಟು ತಗ್ಗಬೇಕು ಎಂದು ಅಳತೆ ಕೊಟ್ಟಿಲ್ಲ.

ಮೊನ್ನೆ ತಂತಿ ಎಳೆದು ಮುಗಿಯಿತು. ಎರಡು ಸಾವಿರ ಅಡಿ, ಗುಂಡಿಯ ತಳದವರೆಗೆ. ದನಿ ಸ್ಪಷ್ಟವಾಗಿದೆ. ರೆಕ್ಕೆಗಳು ಮಾತ್ರ ಈಗ ಕೈ ಇಟ್ಟರೆ ಸುಡುತ್ತವೆ, ಮೈಕ್ ಬಂದ್ ಮಾಡಿದ್ದರೂ. ಪಕ್ಕದಲ್ಲಿ ಒಂದು ಫ್ಯಾನ್ ಇಟ್ಟಿದ್ದೇನೆ. ಹಳೆಯ ಆಂಪ್ಲಿಫೈಯರನ್ನು ಗುಜರಿಗೆ ಹಾಕಿದರು.

ನಕ್ಷೆ ನೋಡಿದಿರಾ? ಬೈದಾದರೂ ಒಂದು ಸಾಲು ಬರೆಯಿರಿ. ನಿಮ್ಮ ಬೈಗುಳಕ್ಕೆ ಒಗ್ಗಿಹೋಗಿದ್ದೇನೆ. ಈ ಮೌನಕ್ಕೆ ಒಗ್ಗಿಲ್ಲ.

ಮಗಳು


ಏಪ್ರಿಲ್ 9

ಅಪ್ಪ, ಅಮ್ಮ,

ನಾಲ್ಕು ದಿನದಿಂದ ಬರೆಯಲು ಕೂರುತ್ತೇನೆ, ಏಳುತ್ತೇನೆ. ಸೀಟಿ ಹೋಗಿಬಿಟ್ಟ.

ಐದನೆಯ ತಾರೀಖು, ಮಧ್ಯಾಹ್ನದ ಸಿಡಿತ. ಕಾವಲುಗಾರ ಗುಂಡಿಯಲ್ಲಿದ್ದವರ ತಲೆ ಎಣಿಸಿ, ಎಲ್ಲರನ್ನೂ ಕೆಳಗಿನ ಮರೆಗೆ ಕಳಿಸಿ, ಬಾವುಟ ತೋರಿಸಿದ. ಅದಾದ ಮೇಲೆ ಸೀಟಿ ಮರೆತ ಕೈಗವಸು ತರಲು ಎದ್ದ. ಜೊತೆಯವನು ಬೇಡವೆಂದನಂತೆ. "ಅಕ್ಕ ಇನ್ನೂ ಒಂದು ಸಲಾನೂ ಕೂಗಿಲ್ಲ ಕಣೋ. ಮೂರು ಕೂಗು ಆಗೋಷ್ಟರಲ್ಲಿ ಎರಡು ಸಲ ಹೋಗಿ ಬರ್ತೀನಿ" ಎಂದು ಹೋದನಂತೆ.

ನಾನು ಕೂಗಿದ್ದೆ, ಅಪ್ಪ. ಆಗಲೇ ಎರಡು ಸಲ ಕೂಗಿ ಆಗಿತ್ತು. ನನ್ನ ಮುಂದೆ ಮೈಕಿನ ಮೀಟರಿನ ಮುಳ್ಳು ಕುಣಿಯುತ್ತಿತ್ತು, ಕೆಂಪು ದೀಪ ಉರಿಯುತ್ತಿತ್ತು, ಮೇಲಿನ ದಂಡೆಯ ಹಾರ್ನಿನಿಂದ ನನ್ನ ದನಿ ನನಗೇ ಕೇಳುತ್ತಿತ್ತು. ಗುಂಡಿಯ ಹಾರ್ನು ಸತ್ತಿದೆ ಎಂದು ಯಾರು ಹೇಳಬೇಕು? ಕೆಳಗೆ ಕಲ್ಲು ಪುಡಿ ಮಾಡುವ ಯಂತ್ರದ ಗದ್ದಲದಲ್ಲಿ ಮೇಲಿನ ಹಾರ್ನು ಕೇಳುವುದಿಲ್ಲ. ಅದಕ್ಕೇ ತಾನೇ ಗುಂಡಿಗೆ ಬೇರೆ ಆಂಪ್ಲಿಫೈಯರ್ ಇಟ್ಟದ್ದು. ಮೂರನೆಯ ಸಲವೂ ಕೂಗಿದೆ. ಸಿಡಿಮದ್ದಿನ ಸ್ವಿಚ್ ಒತ್ತಿದರು.

ಸಂಜೆ ಗುಂಡಿಯ ಆಂಪ್ಲಿಫೈಯರಿನ ಪೆಟ್ಟಿಗೆ ಬಿಚ್ಚಿದೆ. ಕೊನೆಯ ಹಂತದ ಎರಡೂ ಟ್ರಾನ್ಸಿಸ್ಟರ್ ಸುಟ್ಟು ಬಿರುಕು ಬಿಟ್ಟಿದ್ದವು. ಅಂದು ಬೆಳಿಗ್ಗೆ ಎಂಟಕ್ಕೆ ಅದೇ ಆಂಪ್ಲಿಫೈಯರ್‌ನಲ್ಲಿ ಅವನು ಸೀಟಿ ಹೊಡೆದು ಹೋಗಿದ್ದ.

ವಿಚಾರಣೆಗೆ ಒಬ್ಬ ಅಧಿಕಾರಿ ಬರುತ್ತಾರಂತೆ. ಪೆಟ್ಟಿಗೆಗೆ ಮುದ್ರೆ ಹಾಕಿದ್ದಾರೆ. ಅಪ್ಪ, ನಾನು ಎಲ್ಲಿ ತಪ್ಪಿದೆ?

ಮಗಳು


ಏಪ್ರಿಲ್ 17

ಮಗಳೇ,

ಕಾಗದ ಸೇರಿತು. ನಿಮ್ಮಮ್ಮ ಎರಡು ದಿನದಿಂದ ಊಟ ಬಿಟ್ಟಿದ್ದಾಳೆ.

ಯಾರೂ ಮಾತಾಡದಾಗ ರೆಕ್ಕೆ ಸುಟ್ಟರೆ ಫ್ಯಾನ್ ಇಡುವುದಲ್ಲ. ಜ್ವರ ಬಂದವನಿಗೆ ಬೀಸಣಿಗೆ ಬೀಸಿದರೆ ಜ್ವರ ಬಿಡುವುದಿಲ್ಲ. ಸದ್ದಿಲ್ಲದೆ ಬಿಸಿಯಾಗುತ್ತಿದೆ ಎಂದರೆ ಒಳಗೆ ಏನೋ ನಡೆಯುತ್ತಿದೆ ಎಂದರ್ಥ. ಕಿವಿ ಸುಳ್ಳು ಹೇಳುತ್ತದೆ, ಬೆರಳು ಹೇಳುವುದಿಲ್ಲ ಎಂದು ನಿನಗೆ ಎಷ್ಟು ಸಲ ಹೇಳಿಲ್ಲ? ಹೊಸದು ಪೂರ್ತಿ ಪಳಗುವವರೆಗೆ ಹಳೆಯದನ್ನು ಪಕ್ಕದಲ್ಲೇ ಇಟ್ಟುಕೊಳ್ಳಬೇಕಿತ್ತು. ಗುಜರಿಗೆ ಯಾಕೆ ಹಾಕಲು ಬಿಟ್ಟೆ?

ತಂತಿ ಯಾರು ಎಳೆದರು? ಅದರ ಜಾತಿ ಯಾವುದು, ಜೋಡಿಸಿದ ಕಡೆ ನೀರು ಇಳಿದಿತ್ತೇ? ಇದನ್ನೆಲ್ಲ ಮೊದಲು ಬರೆದಿಡು. ಅಧಿಕಾರಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಬಾಯಿ ಬಿಟ್ಟರೆ ಬಣ್ಣಗೇಡು. ನಕ್ಷೆಯನ್ನು ಯಾರ ಕೈಗೂ ಕೊಡಬೇಡ.

ಆ ಹುಡುಗನ ಮನೆಯಲ್ಲಿ ಯಾರಿದ್ದಾರೆ?

ಅಪ್ಪ


ಮೇ 2

ಅಪ್ಪನಿಗೆ,

ಹುಡುಗನಲ್ಲ, ನಲವತ್ತೆರಡು ವಯಸ್ಸು. ಮನೆಯಲ್ಲಿ ಹೆಂಡತಿ ಇದ್ದಾಳೆ, ಇಲ್ಲೇ ಕಲ್ಲು ಆರಿಸುವ ಕಡೆ ಕೆಲಸ. ಹದಿನೈದನೆಯ ದಿನ ಕೆಲಸಕ್ಕೆ ಬಂದಳು. ನೇರ ನನ್ನ ಕೋಣೆಗೆ ಬಂದು, ಬಾಗಿಲಲ್ಲೇ ನಿಂತು, "ನೀನು ಕೂಗಿದ್ಯಾ?" ಎಂದು ಕೇಳಿದಳು. ಕೂಗಿದ್ದೆ ಎಂದೆ. "ಅವನು ನಿನ್ನ ಕೂಗು ಕೇಳಿದ್ರೆ ಬರ್ತಿದ್ದ. ಬೇರೆ ಯಾರ ಮಾತನ್ನೂ ಕೇಳ್ತಿರಲಿಲ್ಲ, ಆ ಕೂಗೊಂದನ್ನ ಕೇಳ್ತಿದ್ದ" ಎಂದು ಹೇಳಿ ಹೋದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ತಂತಿ ಹೊಸದು. ನೀರು ಇಳಿದಿಲ್ಲ. ಎಲ್ಲ ನೋಡಿದ್ದೇನೆ. ಮುದ್ರೆ ಹಾಕಿದ್ದನ್ನು ಮುಟ್ಟುವಂತಿಲ್ಲ, ಅದಕ್ಕೆ ಅದರಂಥದ್ದೇ ಇನ್ನೊಂದನ್ನು ಕಟ್ಟಿದೆ. ಅಲೆಯನ್ನು ಪರದೆಯ ಮೇಲೆ ತೋರಿಸುವ ಯಂತ್ರವೊಂದನ್ನು ಮ್ಯಾನೇಜರು ತರಿಸಿಕೊಟ್ಟರು. ಇನ್ನೂರು ಅಡಿ ತಂತಿ ಸಿಕ್ಕಿಸಿದರೆ ಪರದೆಯ ಮೇಲೆ ಗೆರೆ ಒಂಚೂರು ನಡುಗುತ್ತದೆ, ಅಷ್ಟೇ. ಎರಡು ಸಾವಿರ ಅಡಿಯ ಸುರುಳಿ ಸಿಕ್ಕಿಸಿದೆ. ಮೈಕನ್ನು ಕಿತ್ತು ಪಕ್ಕಕ್ಕಿಟ್ಟಿದ್ದೆ. ಕೋಣೆಯಲ್ಲಿ ಸದ್ದೇ ಇಲ್ಲ. ಪರದೆಯ ಮೇಲೆ ಮಾತ್ರ ಅಲೆ ಮೇಲಿಂದ ಕೆಳಗಿನವರೆಗೆ ತುಂಬಿಕೊಂಡಿತ್ತು, ಸೆಕೆಂಡಿಗೆ ಎಂಬತ್ತು ಸಾವಿರ ಸಲ. ಮನುಷ್ಯರ ಕಿವಿಗೆ ನಿಲುಕದ ಕಿರುಚಾಟ. ಯಾರೂ ಮಾತಾಡದೆ ಅದು ತಾನೇ ತನ್ನ ವಾಪಸ್ ತಂತಿಯಿಂದ ಕಿರುಚುತ್ತಿತ್ತು. ಹತ್ತು ನಿಮಿಷಕ್ಕೆ ರೆಕ್ಕೆ ಮುಟ್ಟಲಾಗಲಿಲ್ಲ.

ಆಮೇಲೆ ನಿಮ್ಮ ನಕ್ಷೆಯನ್ನು ಎಲ್ಲೂ ತಿದ್ದದೆ, ಇದ್ದ ಹಾಗೇ ಕಟ್ಟಿದೆ. ಅದೂ ಕಿರುಚಿತು. ನನ್ನದರಷ್ಟಲ್ಲ. ಆದರೆ ಕಿರುಚಿತು.

ಹಾಗಿದ್ದರೆ ನೀವು ಕಟ್ಟಿದವು ಇಪ್ಪತ್ತು ವರ್ಷದಿಂದ ರೈಲು ನಿಲ್ದಾಣದಲ್ಲಿ, ಶಾಲೆಗಳಲ್ಲಿ, ಅಷ್ಟುದ್ದ ತಂತಿಗಳ ಮೇಲೆ ಹೇಗೆ ಓಡುತ್ತಿವೆ?

ಅದನ್ನೇ ಯೋಚಿಸುತ್ತಾ ಕೂತಾಗ ನೆನಪಾಯಿತು. ಪ್ರತಿ ಆಂಪ್ಲಿಫೈಯರ್ ಮುಗಿಯುವ ದಿನ ನೀವು ನನ್ನನ್ನು ಹೊರಗೆ ಕಳಿಸುತ್ತಿದ್ದಿರಿ. "ಹೋಗಿ ಟೀ ಹೇಳಿ ಬಾ. ಬಾಗಿಲು ಎಳ್ಕೊಂಡು ಹೋಗು." ಹತ್ತು ವರ್ಷದವಳಿದ್ದಾಗಲೂ ಕಳಿಸಿದಿರಿ, ಇಪ್ಪತ್ತಾರಾದಾಗಲೂ ಕಳಿಸಿದಿರಿ. ಟೀ ತಂದಾಗ ಪೆಟ್ಟಿಗೆಗೆ ಮುಚ್ಚಳ ಬಿದ್ದಿರುತ್ತಿತ್ತು. ಎದುರಂಗಡಿಯವನು ನಿಮ್ಮ ನಕ್ಷೆ ಕದ್ದು ಕಟ್ಟಿದ್ದು ಸಭೆಯಲ್ಲಿ ಭಾಷಣಕಾರನಿಗಿಂತ ಮೊದಲೇ ಕಿರುಚಿದಾಗ ನೀವು ವಾರವಿಡೀ ನಕ್ಕಿರಿ.

ಬಾಗಿಲು ಹಾಕಿಕೊಂಡು ಏನು ಮಾಡುತ್ತಿದ್ದಿರಿ, ಅಪ್ಪ?

ವಿಚಾರಣೆ ಇಪ್ಪತ್ತನೆಯ ತಾರೀಖು. ನಕ್ಷೆ ಯಾರದ್ದು, ಅದರಲ್ಲಿ ಏನು ಬಿಟ್ಟಿದೆ ಎಂದು ನೀವು ಬರೆದುಕೊಟ್ಟರೆ ಅದನ್ನು ಕಡತಕ್ಕೆ ಸೇರಿಸುತ್ತಾರಂತೆ. ಬರೆದುಕೊಡದಿದ್ದರೆ ಎಲ್ಲ ನನ್ನ ತಲೆಗೆ ಬರುತ್ತದೆ. ಕೆಲಸ ಹೋಗುವುದು ದೊಡ್ಡದಲ್ಲ. ಕೋರ್ಟು, ಶಿಕ್ಷೆ ಎನ್ನುತ್ತಿದ್ದಾರೆ.

ಮಗಳು


ಮೇ 12

ಮಗಳೇ,

ಬಾಗಿಲು ಹಾಕಿಕೊಂಡು ಒಂದು ಬೇಳೆ ಹಾಕುತ್ತಿದ್ದೆ. ಬೇಳೆಯಷ್ಟೇ ದೊಡ್ಡ ಬಿಲ್ಲೆ ಕೆಪಾಸಿಟರ್. ವಾಪಸ್ ತಂತಿಯ ರೆಸಿಸ್ಟರಿನ ಬೆನ್ನಿಗೆ ಒಂದು. ಅದು ನಕ್ಷೆಯಲ್ಲಿಲ್ಲ, ಯಾವತ್ತೂ ಇರಲಿಲ್ಲ.

ಯಾಕೆ ಬೇಕು ಎಂದು ಹೇಳುತ್ತೇನೆ. ವಾಪಸ್ ಬರುವ ಸದ್ದು ಒಳ್ಳೆಯದು ಎಂದು ನಿನಗೆ ಕಲಿಸಿದೆ. ಅದು ಹೊತ್ತಿಗೆ ಸರಿಯಾಗಿ ಬಂದರೆ ಮಾತ್ರ ಒಳ್ಳೆಯದು ಎಂದು ಕಲಿಸಲಿಲ್ಲ. ಒಳಗಿನ ಪ್ರತಿ ಹಂತವೂ ಒಂಚೂರು ತಡ ಮಾಡುತ್ತದೆ, ಉದ್ದ ತಂತಿ ಇನ್ನಷ್ಟು ತಡ ಮಾಡಿಸುತ್ತದೆ. ಉಯ್ಯಾಲೆಯಲ್ಲಿ ನಿನ್ನನ್ನು ತೂಗುತ್ತಿದ್ದೆನಲ್ಲ. ನಿಲ್ಲಿಸಬೇಕೆಂದರೆ ನೀನು ನನ್ನ ಕಡೆ ಬರುವಾಗ ತಡೆಯಬೇಕು. ಅದೇ ಕೈ ಅರ್ಧ ಗಳಿಗೆ ತಡವಾಗಿ, ನೀನು ಆಚೆ ಹೊರಟಾಗ ಬಂದರೆ? ತಡೆಯಲು ಬಂದ ಕೈಯೇ ನೂಕುತ್ತದೆ. ಸದ್ದು ದಪ್ಪಗಿರುವವರೆಗೆ ಆ ತಡ ಲೆಕ್ಕಕ್ಕಿಲ್ಲ. ಅಲೆ ಬಹಳ ಬೇಗಬೇಗನೆ ಏಳುವ ಕಡೆ ಅದೇ ಮುಳುವಾಗುತ್ತದೆ. ವಾಪಸ್ ಹೆಚ್ಚು ಕೊಟ್ಟಷ್ಟೂ ತಪ್ಪು ಕಡಿಮೆ, ಅದು ನಿಜ. ಆದರೆ ತಡವಾದಾಗ ನೂಕುವ ಬಲವೂ ಅಷ್ಟೇ ಹೆಚ್ಚು. ತಡವಾಗಿ ಬರುವ ಆ ಕೈಯನ್ನು ಬೇಳೆ ಒಂದಿಷ್ಟು ಬೇಗ ಬರುವಂತೆ ಮಾಡುತ್ತದೆ. ಎಷ್ಟು ದೊಡ್ಡದು ಬೇಕೆಂದು ಪುಸ್ತಕದಲ್ಲಿಲ್ಲ. ಆಯಾ ಜಾಗದ ತಂತಿಯನ್ನೇ ತರಿಸಿ, ಸಿಕ್ಕಿಸಿ, ಒಂದೊಂದೇ ಬೇಳೆ ಬದಲಿಸುತ್ತಾ ರೆಕ್ಕೆಯ ಮೇಲೆ ಬೆರಳಿಟ್ಟು ನೋಡುತ್ತಿದ್ದೆ. ತಣ್ಣಗಾದರೆ ಅದೇ ಸರಿ.

ನಕ್ಷೆ ಕದಿಯುವವರು ಕದಿಯಲಿ ಎಂದು ಬಿಟ್ಟಿದ್ದೆ. ಬೇಳೆ ಇಲ್ಲದೆ ಅವರಿಗೆ ಅದು ಬರೀ ಕಾಗದ. ನಿನಗೆ ಹೇಳಬಾರದೆಂದು ಇರಲಿಲ್ಲ. ಹನ್ನೆರಡನೆಯ ಸಲ ಬೋರ್ಡು ಸರಿ ಮಾಡಿ ತಂದ ದಿನ ಹೇಳೋಣ ಎಂದಿತ್ತು.

ನಿನ್ನ ಫೆಬ್ರವರಿಯ ಕಾಗದ ಬಂದಾಗ ನಾನು ನಕ್ಷೆಯನ್ನು ಸರಿಯಾಗಿ ನೋಡಲಿಲ್ಲ. ಸಿಟ್ಟಿನಲ್ಲಿ ಮಡಿಚಿಟ್ಟೆ. ನೋಡಿದ್ದರೆ ಹೇಳುತ್ತಿದ್ದೆ.

ಬರೆದುಕೊಡುವ ವಿಷಯ ಯೋಚಿಸುತ್ತಿದ್ದೇನೆ. ನಲವತ್ತು ವರ್ಷದ ಹೆಸರು. ಎಷ್ಟು ಕಡೆ ನನ್ನ ಪೆಟ್ಟಿಗೆಗಳಿವೆ, ಎಲ್ಲವನ್ನೂ ಕಿತ್ತು ಹಾಕುತ್ತಾರೆ. ಎರಡು ದಿನ ಕೊಡು.

ಅಪ್ಪ


ಮೇ 21

ಅಪ್ಪನಿಗೆ,

ನಿನ್ನೆ ವಿಚಾರಣೆ ಮುಗಿಯಿತು. ಬೆಳಗಿನ ಟಪಾಲಿನವರೆಗೂ ಕಾದೆ. ನಿಮ್ಮಿಂದ ಏನೂ ಬಂದಿರಲಿಲ್ಲ.

ಅಧಿಕಾರಿ ವಯಸ್ಸಾದವರು, ಮೃದು ಮಾತು. ಸೀಟಿಯ ಹೆಂಡತಿಯನ್ನೂ ಒಂದು ಕುರ್ಚಿ ಹಾಕಿ ಕೂರಿಸಿದ್ದರು. "ಈ ನಕ್ಷೆ ಯಾರದಮ್ಮ?" ಎಂದು ಕೇಳಿದರು. ನನ್ನದು ಎಂದೆ. "ಯಾರ ಹತ್ತಿರ ಕಲಿತೆ?" ನೋಡಿ ಕಲಿತೆ ಎಂದೆ. "ಉದ್ದ ತಂತಿ ಹಾಕಿದ ಮೇಲೆ ಪರೀಕ್ಷೆ ಮಾಡಿದ್ಯಾ? ರೆಕ್ಕೆ ಸುಡ್ತಾ ಇದ್ದದ್ದು ಗೊತ್ತಿತ್ತಾ?" ಗೊತ್ತಿತ್ತು, ಫ್ಯಾನ್ ಇಟ್ಟೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಸಹಿ ಹಾಕಿಸಿಕೊಂಡರು.

ಇನ್ನು ನಾನು ಇಂಥ ಕೆಲಸ ಎಲ್ಲಿಯೂ ಮಾಡುವಂತಿಲ್ಲ. ಕೇಸು ಕೋರ್ಟಿಗೆ ಹೋಗುತ್ತದೆ. ಶಿಕ್ಷೆ ಎಷ್ಟೆಂದು ಆಮೇಲೆ ಗೊತ್ತಾಗುತ್ತದೆ.

ನೀವು ಇದಕ್ಕೆ ಕೊರಗಬೇಡಿ. ನಿಮ್ಮನ್ನು ಉಳಿಸಲೆಂದು ಸುಳ್ಳು ಹೇಳಿದೆ ಎಂದುಕೊಳ್ಳಬೇಡಿ. ಹತ್ತರಷ್ಟು ವಾಪಸ್ ಕೊಟ್ಟವಳು ನಾನು, ಹಂತ ಸೇರಿಸಿದವಳು ನಾನು, ಸುಡುವ ರೆಕ್ಕೆಗೆ ಗಾಳಿ ಬೀಸಿದವಳು ನಾನು. ಬೇಳೆಯ ಗುಟ್ಟು ಇಟ್ಟುಕೊಂಡದ್ದು ನಿಮ್ಮ ತಪ್ಪು, ಅದಕ್ಕೆ ನನಗೆ ಸಿಟ್ಟಿದೆ, ಇಲ್ಲವೆನ್ನುವುದಿಲ್ಲ. ಆದರೆ ನೀವು ನಕ್ಷೆ ನೋಡಿರಲಿಲ್ಲ. ನೋಡಿದ್ದರೆ ಸುಮ್ಮನಿರುವ ಜೀವವೇ ಅಲ್ಲ ನಿಮ್ಮದು. ಎಂಟು ಪುಟ ಬೈದು ಬರೆಯುತ್ತಿದ್ದಿರಿ. ಹಿಂದೆಮುಂದೆ ನೋಡದೆ ಸಹಿ ಹಾಕಿದೆ, ಅದೊಂದು ನನಗೆ ಗೊತ್ತಿತ್ತಲ್ಲ ಅದಕ್ಕೆ.

ಅಮ್ಮನಿಗೆ ಊಟ ಮಾಡಲು ಹೇಳಿ.

ನಿಮ್ಮ ಮಗಳು


ಮೇ 19

(ತಲುಪಿದ್ದು ಮೇ 25)

ಮಗಳೇ,

ಎರಡು ದಿನ ಕೇಳಿದವನು ಏಳು ದಿನ ತೆಗೆದುಕೊಂಡೆ. ಇದರೊಳಗೆ ಎರಡು ಕಾಗದ ಇವೆ. ಒಂದು ವಿಚಾರಣೆಯ ಅಧಿಕಾರಿಗೆ. ನಕ್ಷೆ ನನ್ನದು, ಬೇಳೆಯನ್ನು ಬೇಕೆಂದೇ ಬಿಟ್ಟೆ, ಮಗಳಿಗೂ ಹೇಳಲಿಲ್ಲ ಎಂದು ಬರೆದು ಸಹಿ ಮಾಡಿದ್ದೇನೆ. ನಾಳೆಯೇ ವಿಚಾರಣೆ, ಇದು ಅಷ್ಟರಲ್ಲಿ ತಲುಪುವುದಿಲ್ಲ ಎಂದು ನನಗೆ ಗೊತ್ತಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಆದರೂ ಕೊಡು.

ಇನ್ನೊಂದು ನಿನಗೆ. ಅದನ್ನು ನೋಡಿದರೆ ನೀನು ನನ್ನ ಮುಖ ನೋಡುವುದಿಲ್ಲ ಎಂದೇ ಏಳು ದಿನ ಹಿಡಿಯಿತು.

ಹನ್ನೆರಡನೆಯ ತಾರೀಖಿನ ಕಾಗದದಲ್ಲಿ ನಾನು ಬರೆದದ್ದು ಸುಳ್ಳು. ನಿನ್ನ ನಕ್ಷೆಯನ್ನು ಬಂದ ದಿನವೇ ನೋಡಿದೆ. ಎರಡು ಸಾವಿರ ಅಡಿ ಎಂಬುದನ್ನು ಓದಿದೆ, ರೆಕ್ಕೆ ಬೆಚ್ಚಗಿದೆ ಎಂಬುದನ್ನು ಓದಿದೆ. ಇದು ಕಿರುಚುತ್ತದೆ, ಸುಡುತ್ತದೆ ಎಂದು ಆ ಕ್ಷಣವೇ ಗೊತ್ತಾಯಿತು. ಊಟವಾದ ಮೇಲೆ ಕೂತು ಉತ್ತರ ಬರೆದೆ. ಸ್ಟಾಂಪ್ ಹಚ್ಚಿದೆ. ಅಂಚೆ ಡಬ್ಬಿಯವರೆಗೆ ಹೋದೆ. ಅಲ್ಲಿ ನಿಂತು, ಇಷ್ಟು ಸುಲಭವಾಗಿ ಯಾಕೆ ಕೊಡಬೇಕು ಅನ್ನಿಸಿತು. ನನ್ನನ್ನು ಜಿಪುಣ ಎಂದವಳು. ಸುಡಲಿ ಒಂದು ಸಲ, ಎರಡು ಸಲ, ಆಗ ತಾನಾಗಿ "ಅಪ್ಪಾ, ಏನು ಮಾಡಲಿ?" ಎಂದು ಬರೆಯುತ್ತಾಳೆ. ಆ ಒಂದು ಮಾತು ನನಗೆ ಬೇಕಾಗಿತ್ತು. ಕಾಗದವನ್ನು ಜೇಬಿಗಿಟ್ಟು ವಾಪಸ್ ಬಂದೆ.

ಹಾರ್ನು ಸತ್ತರೆ ಗುಂಡಿಯಲ್ಲಿ ಜನ ಇರುತ್ತಾರೆ ಎಂದು ಹೊಳೆಯಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಹೊಳೆದಿತ್ತು. ಹಳೆಯದನ್ನು ಪಕ್ಕದಲ್ಲಿ ಇಟ್ಟುಕೊಂಡಿರುತ್ತಾಳೆ ಬಿಡು ಎಂದುಕೊಂಡೆ. ಮಾರ್ಚ್‌ನಲ್ಲಿ ನೀನು ಗುಜರಿಗೆ ಹಾಕಿದರು ಎಂದು ಬರೆದೆ. ಅದು ನನ್ನ ಕೈ ಸೇರಿದಾಗಲೂ ಎಂಟೊಂಬತ್ತು ದಿನ ಇತ್ತು. ದಿನಾ ನಾಳೆ ಎಂದೆ.

"ಎಲ್ಲಿ ತಪ್ಪಿದೆ" ಎಂದು ನೀನು ಏಪ್ರಿಲ್‌ನಲ್ಲಿ ಕೇಳಿದೆಯಲ್ಲ, ನನಗೆ ಬೇಕಾಗಿದ್ದ ಮಾತು ಅದೇ. ಅದನ್ನು ಓದಿದ ದಿನ ಬೆಂಚಿನ ಕೆಳಗೆ ಕೂತು ಅತ್ತೆ. ನಿಮ್ಮಮ್ಮನಿಗೂ ಇದುವರೆಗೆ ಹೇಳಿಲ್ಲ.

ಅಪ್ಪ


(ಮೇಲಿನ ಕಾಗದದ ಜೊತೆ ಇದ್ದದ್ದು)

ಫೆಬ್ರವರಿ 8

ಮಗಳೇ,

ನಕ್ಷೆ ನೋಡಿದೆ. ಬೆಸುಗೆಯ ಜಾಗ, ದಾರಿ ಎಲ್ಲ ಚೊಕ್ಕವಾಗಿ ಹಾಕಿದ್ದೀಯ. ಆದರೆ ಇದನ್ನು ಉದ್ದ ತಂತಿಗೆ ಸಿಕ್ಕಿಸಬೇಡ, ಕಿರುಚಿ ಸುಟ್ಟುಹೋಗುತ್ತದೆ. ವಾಪಸ್ ಅಷ್ಟೊಂದು ಬೇಡ, ನನ್ನ ಮೂರರಷ್ಟಕ್ಕೆ ಇಳಿಸು. ಸೇರಿಸಿದ ಹಂತ ತೆಗೆದುಬಿಡು. ವಾಪಸ್ ತಂತಿಯ ರೆಸಿಸ್ಟರಿನ ಬೆನ್ನಿಗೆ ಒಂದು ಬಿಲ್ಲೆ ಕೆಪಾಸಿಟರ್ ಹಾಕು, ಮೇಲೆ ನಲವತ್ತೇಳು ಎಂದು ಬರೆದದ್ದರಿಂದ ಶುರು ಮಾಡು. ಎರಡು ಸಾವಿರ ಅಡಿ ತಂತಿಯನ್ನು ಸುರುಳಿಯಲ್ಲೇ ಸಿಕ್ಕಿಸಿ, ಮೈಕ್ ತೆಗೆದು, ರೆಕ್ಕೆಯ ಮೇಲೆ ಬೆರಳಿಡು. ತಣ್ಣಗಾಗುವವರೆಗೆ ಬದಲಿಸು. ಅಲ್ಲಿಯವರೆಗೆ ಹಳೆಯದೇ ಓಡಲಿ. ಕೆಳಗೆ ಮನುಷ್ಯರಿರುತ್ತಾರೆ.

ಈ ಬೇಳೆಯ ವಿಷಯ ಯಾರಿಗೂ ಹೇಳಬೇಡ. ನಿನಗೆ ಮಾತ್ರ ಹೇಳಿದ್ದೇನೆ.

ಪರವಾಗಿಲ್ಲ.

ಅಪ್ಪ


ಜೂನ್ 14

ಮಗಳೇ,

ಇವತ್ತು ಬೆಳಿಗ್ಗೆ ಹತ್ತಕ್ಕೆ ನಿನ್ನ ಕವರ್ ಬಂತು. ನಿಮ್ಮಮ್ಮ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು. ಒಳಗೆ ನಿನ್ನ ಅಕ್ಷರ ಒಂದೂ ಇರಲಿಲ್ಲ. ಫೆಬ್ರವರಿ ಎಂಟನೆಯ ತಾರೀಖಿನ ನನ್ನ ಕಾಗದವನ್ನೇ ವಾಪಸ್ ಕಳಿಸಿದ್ದೀಯ. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಲೆಕ್ಕದ ಮೇಲೆ ಗುರುತಿಲ್ಲ, ಬೇಳೆಯ ಮೇಲೆ ಗುರುತಿಲ್ಲ, ಕೊನೆಯ ಮಾತಿನ ಮೇಲೂ ಇಲ್ಲ. ಮೇಲ್ಗಡೆ ತಾರೀಖಿನ ಸುತ್ತ ಮಾತ್ರ ಕೆಂಪು ಪೆನ್ಸಿಲ್‌ನಲ್ಲಿ ಒಂದು ಸುತ್ತು.

ನಿಮ್ಮಮ್ಮ "ಇದೇನ್ರೀ?" ಎಂದಳು. ಆಗ ಅವಳಿಗೆ ಎಲ್ಲ ಹೇಳಿದೆ. ಎದ್ದು ಒಳಗೆ ಹೋದಳು, ಇನ್ನೂ ಹೊರಗೆ ಬಂದಿಲ್ಲ.

ತಪ್ಪು ಅಲ್ಲೇ ಇದೆ. ನೀನು ಸರಿಯಾಗಿ ಗುರುತಿಸಿದ್ದೀಯ. ಹನ್ನೊಂದು ಸಲ ನಾನು ಹಾಕಿದ ಸುತ್ತುಗಳಲ್ಲಿ ಒಂದೂ ಇಷ್ಟು ಸರಿಯಾಗಿರಲಿಲ್ಲ.

ಬೇಳೆಯನ್ನು ನಕ್ಷೆಯಲ್ಲಿ ಬರೆದು ಎದುರಂಗಡಿಯವನಿಗೂ ಒಂದು ಪ್ರತಿ ಕೊಟ್ಟು ಬಂದಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಮೊದಲು ಅಧಿಕಾರಿಯ ಹತ್ತಿರ, ಆಮೇಲೆ ಸೀಟಿಯ ಹೆಂಡತಿಯ ಹತ್ತಿರ. ಅವಳು ಕೇಳುವುದು ನನ್ನ ಕಿವಿಗೆ ಬೀಳುವುದಿಲ್ಲ, ಬರೆದು ತೋರಿಸಲು ಹೇಳುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಹೊರಗೆ ಕೂತಿರುತ್ತೇನೆ.

ಈಗ ಹತ್ತೂಮುಕ್ಕಾಲು. ಹನ್ನೊಂದಕ್ಕೆ ಅಂಚೆ ಡಬ್ಬಿ ತೆಗೆಯುತ್ತಾರೆ. ಇದಕ್ಕಿಂತ ಮೊದಲು ನಾನೇ ತಲುಪಬಹುದು, ಆದರೂ ಇದನ್ನು ಈಗಲೇ ಹಾಕಿ ಬರಬೇಕು, ಹೆಚ್ಚು ಬರೆಯುವುದಿಲ್ಲ.

ಅಪ್ಪ